ಹಿತ್ತಿಲ ನಂಬಿಕೆಗಳು: ಕಂಡದ್ದು ನಿಜ, ಕಾರಣ ಬೇರೆ

ಸಂಕ್ರಮಣ ಕಳೆದು ಯುಗಾದಿ ಬರುವುದರೊಳಗಿನ ಅವಧಿಯು, ಮುಂಡರಗಿ ತಾಲೂಕಿನ ಕೊರ್ಲಹಳ್ಳಿಯಂಥ ತುಂಗಭದ್ರೆಯ ದಂಡೆಯ ಊರುಗಳಲ್ಲಿ, ಎರೆಹೊಲದ ಜೋಳ ಕಡಲೆಗಳು ಕಣಕ್ಕೆ ಬರುವ ಕಾಲವಾಗಿರುವಂತೆಯೇ ಹಿತ್ತಿಲಲ್ಲಿ ಸವತೆ, ಹೀರೆ, ಹಾಗಲಗಳ ಬೀಜವೂರುವ ಕಾಲವೂ ಆಗಿದೆ. ಈ ಕೃಷಿಯನ್ನು ಸುತ್ತಿಕೊಂಡಿರುವ ನಂಬಿಕೆಗಳನ್ನೆಲ್ಲ ಮೌಢ್ಯವೆಂದು ತಳ್ಳಿಹಾಕುವವರು, ಹಿರಿಯರ ಕಣ್ಣಿಗೆ ಬಿದ್ದ ಸಂಗತಿ ಬಹುಮಟ್ಟಿಗೆ ನಿಜವೆಂಬುದನ್ನೂ, ಅದಕ್ಕೆ ಅವರು ಕಲ್ಪಿಸಿದ ಕಾರಣದಲ್ಲಿ ಮಾತ್ರ ಪ್ರಮಾದವಿದೆಯೆಂಬುದನ್ನೂ ಗಮನಿಸುವುದಿಲ್ಲ.

ನಂಬಿಕೆ: ಚಳಿ ಹೋಗುವುದು ಶಿವರಾತ್ರಿಗೇ, ಬಳ್ಳಿಯ ಬೀಜಕ್ಕೆ ಅದೇ ಮುಹೂರ್ತ.
ಸತ್ಯ: ಶಿವರಾತ್ರಿಯು ಚಾಂದ್ರಮಾನದ ಹಬ್ಬವಾದುದರಿಂದ 2024ರಲ್ಲಿ ಮಾರ್ಚ್ 8ಕ್ಕೂ 2026ರಲ್ಲಿ ಫೆಬ್ರವರಿ 15ಕ್ಕೂ ಬಂದಿತು, ನೆಲವಾದರೋ ಸೂರ್ಯನ ಗತಿಯನ್ನನುಸರಿಸಿ ಕಾಯುತ್ತದೆ. ಹಿಮ ಬೀಳದ ಈ ಸೀಮೆಯಲ್ಲಿ, ನೀರಿನ ಅನುಕೂಲವುಳ್ಳವರು ಜನವರಿಯ ಕೊನೆಗೇ ಬೀಜವೂರಿದರೆ ಸವತೆಯು ಏಪ್ರಿಲಿನ ಉರಿಗೆ ಮುಂಚೆಯೇ ಕಾಯಿ ಕೊಡುತ್ತದೆ.

ನಂಬಿಕೆ: ಮಧ್ಯಾಹ್ನ ನೀರು ಚಿಮುಕಿಸಿದರೆ ಹನಿಗಳು ಭೂತಗನ್ನಡಿಯಂತೆ ಬಿಸಿಲನ್ನು ಕೂಡಿಸಿ ಎಲೆಯನ್ನು ಸುಡುತ್ತವೆ.
ಸತ್ಯ: ಹಂಗೇರಿಯ ವಿಜ್ಞಾನಿಗಳು 2010ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ನುಣುಪಾದ ಎಲೆಯ ಮೇಲಿಟ್ಟ ಗಾಜಿನ ಗೋಲಿಗಳು ಎಲೆಯನ್ನು ಸುಟ್ಟವೇ ಹೊರತು ನೀರಿನ ಹನಿಗಳು ಸುಡಲಿಲ್ಲ, ನೀರನ್ನು ಅಂಟಗೊಡದ ರೋಮಗಳು ಹನಿಯನ್ನು ಎತ್ತಿಹಿಡಿಯುವ ಎಲೆಗಳಲ್ಲಿ ಮಾತ್ರ ಅಂಥ ಸಂಭವವುಂಟು. ಆದರೂ ಮಧ್ಯಾಹ್ನ ಚೆಲ್ಲಿದ ನೀರು ಬೆಳಗು ಸಂಜೆಗಳಿಗಿಂತ ಹೆಚ್ಚಾಗಿ ಆವಿಯಾಗಿ ವ್ಯರ್ಥವಾಗುವುದರಿಂದ ಹಿರಿಯರ ನಿಷೇಧವು ಯೋಗ್ಯವೇ ಸರಿ.

ನಂಬಿಕೆ: ಹಸಿರಾಗಿರುವ ಮಲ್ಲಿಗೆಯ ಕಂಟಿಗೆ ಕತ್ತರಿ ತಾಗಿಸಬಾರದು.
ಸತ್ಯ: ಮಲ್ಲಿಗೆಯು ಹೊಸ ಚಿಗುರಿನಲ್ಲಿ ಹೂ ಬಿಡುವ ಗಿಡವಾದುದರಿಂದ, ಚಳಿಗಾಲದ ವಿಶ್ರಾಂತಿಯಲ್ಲಿರುವಾಗ ಅದನ್ನು ಸವರುವುದೇ ಹಿತ. ಹೊಳೆಯಾಚೆಯ ಹೂವಿನಹಡಗಲಿಯ ಮಲ್ಲಿಗೆಗೆ ಭೌಗೋಳಿಕ ಸೂಚಕದ ಮಾನ್ಯತೆಯೇ ದೊರೆತಿದೆ; ಗಿಡವನ್ನು ಸವರಲು ಅಂಜುವವರು ಸೊಪ್ಪನ್ನು ಬೆಳೆಯುವರೇ ಹೊರತು ಹೂವನ್ನಲ್ಲ.

ನಂಬಿಕೆ: ಹಾಗಲದ ನೆರೆಯಲ್ಲಿ ಬೆಳೆದ ಸವತೆ ಕಹಿಯಾಗುತ್ತದೆ.
ಸತ್ಯ: ಇವೆರಡೂ ಒಂದೇ ಕುಟುಂಬದವಾದರೂ ಪರಸ್ಪರ ಸಂಕರವಾಗವು. ಒಂದು ವೇಳೆ ಬೇರೊಂದು ಸವತೆಯ ಪರಾಗವೇ ಬಂದು ಬಿದ್ದರೂ ಅದರ ಗುಣವು ಒಳಗಿನ ಬೀಜಕ್ಕೆ ಸೇರುವುದೇ ವಿನಾ, ತಾಯಿಬಳ್ಳಿಯ ಅಂಶವಾದ ತಿರುಳಿಗಲ್ಲ. ಸವತೆಯ ಕಹಿಗೆ ಕಾರಣವಾದ ಕುಕುರ್ಬಿಟಾಸಿನ್ ಎಂಬ ದ್ರವ್ಯವು ಬಳ್ಳಿಯ ವಂಶಗುಣದಲ್ಲಿಯೇ ಅಡಗಿದ್ದು, ನೀರು ತಪ್ಪಿ ಬಿಸಿಲೇರಿದಾಗ ಹೆಚ್ಚುತ್ತದೆ. ಹಾಗಲ ಹುಲುಸಾಗುವ ಬೇಸಿಗೆಯೇ ಸವತೆ ಬಾಯಾರುವ ಕಾಲವೂ ಆದುದರಿಂದ ನೆರೆಯ ಬಳ್ಳಿಗೆ ಅಪವಾದ ಬಂದಿರಬೇಕು. ಕಹಿಯಾದ ಸವತೆಯನ್ನಾಗಲಿ, ವಿಶೇಷವಾಗಿ ಸೋರೆಯನ್ನಾಗಲಿ ತಿನ್ನದೆ ಬಿಸುಡುವುದೇ ಕ್ಷೇಮ.

ನಂಬಿಕೆ: ಮಿಡಿಗೆ ಬೆರಳು ತೋರಿಸಿದರೆ ಅದು ಕೊಳೆತುಹೋಗುತ್ತದೆ.
ಸತ್ಯ: ಮಿಡಿಗಳು ಕೊಳೆಯುವುದು ದಿಟ. ಈ ಬಳ್ಳಿಗಳಲ್ಲಿ ಗಂಡು ಹೂ, ಹೆಣ್ಣು ಹೂಗಳು ಬೇರೆಬೇರೆಯಾಗಿದ್ದು, ಸಾಮಾನ್ಯವಾಗಿ ಗಂಡು ಹೂಗಳೇ ಮೊದಲು ಅರಳಿ ಉದುರುತ್ತವೆ. ಅದಕ್ಕೂ ಜನ ಕಣ್ಣೆಸರೆನ್ನುವರು. ಹೆಣ್ಣು ಹೂವಾದರೋ ಅರಳುವ ಮುನ್ನವೇ ಪುಟ್ಟ ಕಾಯನ್ನು ಹೊತ್ತಿರುವುದರಿಂದ ನೋಡಿದವನು ಸಂತೋಷದಿಂದ ಬೆರಳು ಮಾಡುವನು. ಆದರೆ ಜೇನ್ನೊಣವು ಪರಾಗವನ್ನು ತಂದು ಮುಟ್ಟಿಸದಿದ್ದರೆ ಆ ಮಿಡಿಯು ಕೆಲವೇ ದಿನಗಳಲ್ಲಿ ಹಳದಿಯಾಗಿ ಮುರುಟುವುದು. ಪರಾಗ ತಾಗಿದರೂ ಹಣ್ಣುನೊಣ ಚುಚ್ಚಿ ಮೊಟ್ಟೆಯಿಟ್ಟರೆ ಒಳಗೇ ಕೊಳೆಯುವುದು. ಸಂಶಯವುಳ್ಳವರು ಸವತೆಗೆ ಬೆಳಗಿನಲ್ಲಿ, ಹೀರೆಯ ಹೂ ಸಂಜೆ ಅರಳುವುದರಿಂದ ಅದಕ್ಕೆ ಸಂಜೆಯಲ್ಲಿ, ಆಗತಾನೆ ಅರಳಿದ ಗಂಡು ಹೂವನ್ನು ಕಿತ್ತು ಹೆಣ್ಣು ಹೂವಿನ ನಡುವಿಗೆ ಸವರಿ, ತೆಳುಬಟ್ಟೆಯ ಚೀಲ ಕಟ್ಟಿ, ಬಳಿಕ ಆ ಮಿಡಿಗೆ ದಿನವೂ ಧಾರಾಳವಾಗಿ ಬೆರಳು ತೋರಿಸಿ ಪರೀಕ್ಷಿಸಬಹುದು.