ಹಳೆಯ ಕಾರಿಗೆ ಹಿಚ್: ತೂಕ, ತುಕ್ಕು ಮತ್ತು ಒಂದು ತೀರ್ಮಾನ

ಆನ್ ಆರ್ಬರ್‌ನಲ್ಲಿ ಓದು ಮುಗಿಸಿದ ನಮ್ಮ ಮಗಳಿಗೆ ಶಿಕಾಗೋದಲ್ಲಿ ಕೆಲಸ ದೊರೆಯಿತು. ಅವಳ ಮಂಚ, ಮೇಜು, ಪುಸ್ತಕಗಳನ್ನು ಬಾಡಿಗೆ ಟ್ರೈಲರಿನಲ್ಲಿ ಹೇರಿ, ನಮ್ಮ ಹದಿನಾರು ವರ್ಷದ ವ್ಯಾನಿನ ಹಿಂದೆ ಕಟ್ಟಿಕೊಂಡು ಹೋಗುವುದೆಂದು ನಾನು ನಿರ್ಧರಿಸಿದೆ. ಐ-94 ಹೆದ್ದಾರಿಯಲ್ಲಿ ಸುಮಾರು ನಾಲ್ಕು ಗಂಟೆಯ ದಾರಿ. ವ್ಯಾನಿಗೆ ಟ್ರೈಲರ್ ಕಟ್ಟುವ ಕೊಂಡಿ ಇರಲಿಲ್ಲ. ಇಂಗ್ಲೆಂಡಿನಲ್ಲಿ ಟೋಬಾರ್ ಎನ್ನುವ ಇದನ್ನು ಅಮೆರಿಕದಲ್ಲಿ ಹಿಚ್ ಎನ್ನುತ್ತಾರೆ. ವೃತ್ತಿಯಿಂದ ನಾನು ವೈದ್ಯ, ಮೆಕ್ಯಾನಿಕ್ ಅಲ್ಲ. ಆದರೂ ಇದನ್ನು ನಾನೇ ಜೋಡಿಸಬಲ್ಲೆನೆಂಬ ಹುಮ್ಮಸ್ಸಿತ್ತು.

ಆಯ್ಕೆಯ ಮೊದಲ ಹೆಜ್ಜೆ ತೂಕದ ಲೆಕ್ಕ. ಹಿಚ್‌ಗಳನ್ನು ಅವು ಎಳೆಯಬಲ್ಲ ಭಾರಕ್ಕೆ ತಕ್ಕಂತೆ ವರ್ಗೀಕರಿಸಿದ್ದಾರೆ. ಒಂದನೆಯ ವರ್ಗದ್ದು 2,000 ಪೌಂಡಿನವರೆಗೆ, ಎರಡನೆಯದು 3,500 ಪೌಂಡಿನವರೆಗೆ. ಇವೆರಡರ ಚೌಕಾಕಾರದ ಬಾಯಿ ಸಾಮಾನ್ಯವಾಗಿ 1¼ ಇಂಚಿನದು. ಮೂರನೆಯ ವರ್ಗದ್ದು 2 ಇಂಚಿನ ಬಾಯಿಯ, ಇನ್ನೂ ಹೆಚ್ಚು ಭಾರದ ಹಿಚ್. ನಾಲ್ಕಡಿ ಅಗಲ, ಎಂಟಡಿ ಉದ್ದದ ಮುಚ್ಚಿದ ಬಾಡಿಗೆ ಟ್ರೈಲರ್ ಖಾಲಿಯಿದ್ದಾಗಲೇ ಸುಮಾರು 850 ಪೌಂಡ್ ತೂಗುತ್ತದೆ. ಮಗಳ ಸಾಮಾನು 1,100 ಪೌಂಡ್ ಎಂದಿಟ್ಟುಕೊಂಡರೂ ಮೊತ್ತ 1,950 ಆಗುತ್ತದೆ. ಅಂಚಿನಲ್ಲಿ ನಿಲ್ಲುವುದು ಬೇಡವೆಂದು ಎರಡನೆಯ ವರ್ಗದ ಹಿಚ್ ಕೊಂಡೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ದೊಡ್ಡ ಹಿಚ್ ಹಾಕಿದ ಮಾತ್ರಕ್ಕೆ ಕಾರಿನ ಶಕ್ತಿ ಹೆಚ್ಚುವುದಿಲ್ಲ. ಕಾರು, ಹಿಚ್, ಗುಂಡು, ಟ್ರೈಲರ್ ಇವುಗಳಲ್ಲಿ ಯಾವುದರ ಮಿತಿ ಅತಿ ಕಡಿಮೆಯೋ ಅದೇ ಎಲ್ಲದರ ಮಿತಿ. ಕಾರಿನ ಮಿತಿ ಅದರ ಕೈಪಿಡಿಯಲ್ಲಿರುತ್ತದೆ. ಅನೇಕ ಸಣ್ಣ ಕಾರುಗಳಿಗೆ ಅದು 1,000 ಪೌಂಡ್ ಮಾತ್ರ. ಕೆಲವಕ್ಕೆ ಏನನ್ನೂ ಎಳೆಯಲು ಅನುಮತಿಯಿಲ್ಲ. ನಮ್ಮ ವ್ಯಾನಿನದು 3,500 ಪೌಂಡ್.

ಎರಡನೆಯ ಸಂಗತಿ, ಹಿಚ್‌ನ ಮೇಲೆ ಕೆಳಮುಖವಾಗಿ ಬೀಳುವ ಭಾರ. ಎತ್ತಿನ ಗಾಡಿ ಹೇರಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಿಂದೆ ಭಾರ ಹೆಚ್ಚಾದರೆ ನೊಗ ಮೇಲೇಳುತ್ತದೆ, ಮುಂದೆ ಹೆಚ್ಚಾದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ. ತುಂಬಿದ ಟ್ರೈಲರಿನ ತೂಕದ ಶೇಕಡಾ 10ರಿಂದ 15ರಷ್ಟು ಹಿಚ್‌ನ ಮೇಲಿರಬೇಕು. ನಮ್ಮ ಲೆಕ್ಕದಲ್ಲಿ ಅದು 195ರಿಂದ 290 ಪೌಂಡ್. ಕಡಿಮೆಯಾದರೆ ಟ್ರೈಲರ್ ಹಾವಿನಂತೆ ಓಲಾಡುತ್ತದೆ. ಹೆಚ್ಚಾದರೆ ಕಾರಿನ ಹಿಂಭಾಗ ಕುಸಿದು, ಮುಂದಿನ ಚಕ್ರಗಳ ಹಿಡಿತ ಸಡಿಲಗೊಳ್ಳುತ್ತದೆ. ಈ ಭಾರವನ್ನು ಕಾರಿನೊಳಗಿನ ಜನ ಮತ್ತು ಸರಕಿನ ತೂಕದೊಂದಿಗೆ ಕೂಡಿಸಬೇಕೆಂಬುದನ್ನೂ ಮರೆಯಬಾರದು.

ಕಾಗದದ ಮೇಲೆ ಎಲ್ಲವೂ ಸರಿಹೋಯಿತು. ವ್ಯಾನನ್ನು ಜಾಕಿನಿಂದ ಎತ್ತಿ, ಭದ್ರವಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಟಾರ್ಚ್ ಹಿಡಿದು ಕೆಳಗೆ ಮಲಗಿದಾಗ ಬೇರೆಯೇ ಚಿತ್ರ ಕಂಡಿತು. ಹಿಚ್‌ನ ಬೋಲ್ಟುಗಳು ಕೂರಬೇಕಾದ ಉಕ್ಕಿನ ತೊಲೆ ಪದರಪದರವಾಗಿ ಏಳುತ್ತಿತ್ತು. ರೋಗಿಯ ಎದೆಯನ್ನು ಬೆರಳಿನಿಂದ ತಟ್ಟಿ ಆಲಿಸುವ ಅಭ್ಯಾಸವುಳ್ಳ ನಾನು ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಹೋದೆ. ಗಟ್ಟಿ ಉಕ್ಕು ಠಣ್ಣೆಂದಿತು, ಕೆಟ್ಟ ಜಾಗ ಮಂಕಾಗಿ ಸದ್ದು ಮಾಡಿತು. ಅಲ್ಲಿ ಸ್ಕ್ರೂಡ್ರೈವರ್ ಒತ್ತಿದಾಗ ಅದು ಒಳಕ್ಕೇ ಹೋಯಿತು.

ಕಾರಣ ರಸ್ತೆಯ ಉಪ್ಪು. ಡೆಟ್ರಾಯಿಟ್ ನಗರದಡಿಯಲ್ಲಿ, ಸಾವಿರ ಅಡಿಗೂ ಹೆಚ್ಚು ಆಳದಲ್ಲಿ, ಪ್ರಾಚೀನ ಸಮುದ್ರವೊಂದು ಬಿಟ್ಟುಹೋದ ಉಪ್ಪಿನ ಗಣಿಯೇ ಇದೆ. ಚಳಿಗಾಲದಲ್ಲಿ ಇಲ್ಲಿನ ರಸ್ತೆಗಳ ಮೇಲೆ ಹಿಮ ಕರಗಿಸಲು ಉಪ್ಪು ಎರಚುತ್ತಾರೆ. ಉಪ್ಪು ಬೆರೆತ ನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುವುದರಿಂದ ತುಕ್ಕಿನ ರಾಸಾಯನಿಕ ಕ್ರಿಯೆ ತೀವ್ರಗೊಳ್ಳುತ್ತದೆ. ಕೆಸರು ತುಂಬಿದ ಟೊಳ್ಳು ತೊಲೆಯೊಳಗೆ ಅದು ಕಣ್ಣಿಗೆ ಬೀಳದೆ ಮುಂದುವರಿಯುತ್ತದೆ. ಕೈಪಿಡಿಯ 3,500 ಎಂಬ ಸಂಖ್ಯೆ ಹದಿನಾರು ವರ್ಷದ ಹಿಂದಿನ ಉಕ್ಕಿಗೆ ಬರೆದದ್ದು. ತೇಪೆ ಹಾಕಿಸಿದರೆ ಆಗದೇ ಎಂದು ಪರಿಚಿತ ವೆಲ್ಡರ್ ಒಬ್ಬರನ್ನು ಕೇಳಿದೆ. ಬೆಸುಗೆ ನಿಲ್ಲಲು ಸುತ್ತಲೂ ಗಟ್ಟಿ ಲೋಹ ಉಳಿದಿಲ್ಲವೆಂದು ಅವರು ತೋರಿಸಿದರು. ಹೆದ್ದಾರಿಯಲ್ಲಿ ಆ ತೊಲೆ ಹರಿದು ಟ್ರೈಲರ್ ಕಳಚಿದರೆ, ನಮ್ಮ ಹಿಂದೆ ಬರುವ ಕಾರಿನಲ್ಲಿ ಯಾರ ಮಕ್ಕಳಿರುತ್ತಾರೋ! ಆ ಯೋಚನೆಯನ್ನು ಅಲ್ಲಿಗೇ ಬಿಟ್ಟೆ.

ಶಿಕಾಗೋ ಬಳಿಯ ನೇಪರ್‌ವಿಲ್‌ನಲ್ಲಿರುವ ನನ್ನ ಗೆಳೆಯರ ಬಳಿ ಅದೇ ವರ್ಷದ, ಅದೇ ಮಾದರಿಯ ವ್ಯಾನ್ ಇತ್ತು. ಹಿಂದಿನ ವರ್ಷವಷ್ಟೇ ಅವರು ಅದನ್ನು ಟೆಕ್ಸಾಸಿನಿಂದ ತಂದಿದ್ದರು. ಅದರ ತೊಲೆಗಳು ಹೊಸದರಂತಿದ್ದವು. ವಯಸ್ಸು ಒಂದೇ, ಬಾಳಿದ ಊರು ಬೇರೆ. ನಾನು ಕೊಂಡಿದ್ದ ಹಿಚ್ಚನ್ನು ಅದಕ್ಕೇ ಜೋಡಿಸಿದೆವು. ಸೈಲೆನ್ಸರನ್ನು ಅದರ ರಬ್ಬರುಗಳಿಂದ ಬಿಡಿಸಿ ತುಸು ಇಳಿಸಿದೆವು, ಬೋಲ್ಟುಗಳನ್ನು ತಂತಿಯ ಸಹಾಯದಿಂದ ತೊಲೆಯೊಳಗೆ ಸೇರಿಸಿದೆವು, ಟಾರ್ಕ್ ರೆಂಚಿನಿಂದ ತಯಾರಕರು ಹೇಳಿದಷ್ಟೇ ಬಿಗಿದೆವು. ಗುಂಡಿನ ವ್ಯಾಸ ಟ್ರೈಲರಿನ ಬಟ್ಟಲಿಗೆ ಸರಿಹೊಂದುವುದೇ ಎಂದು ನೋಡಿಕೊಂಡೆವು. ಕಿರಿದಾದ ಗುಂಡು ಕೂತಂತೆ ಕಂಡರೂ ಉಬ್ಬಿನಲ್ಲಿ ಹೊರಜಿಗಿಯಬಹುದು. ಸುರಕ್ಷತಾ ಸರಪಳಿಗಳನ್ನು ಕತ್ತರಿಯಾಕಾರದಲ್ಲಿ ಕಟ್ಟಬೇಕು. ಟ್ರೈಲರ್ ಕಳಚಿದರೆ ಅದರ ಮೂತಿ ನೆಲಕ್ಕೆ ಬೀಳದೆ ಅವುಗಳ ಮೇಲೆ ನಿಲ್ಲುತ್ತದೆ.

ಕೊನೆಯ ಕೆಲಸ ದೀಪಗಳದು. ನಾಲ್ಕು ತಂತಿಗಳಲ್ಲಿ ಬಿಳಿಯದು ಅರ್ತ್, ಕಂದು ಹಿಂದೀಪಕ್ಕೆ, ಹಳದಿ ಎಡಗಡೆಯ ಬ್ರೇಕ್ ಮತ್ತು ಇಂಡಿಕೇಟರಿಗೆ, ಹಸಿರು ಬಲಗಡೆಗೆ. ಕಾರಿನಲ್ಲಿ ಬ್ರೇಕ್ ಮತ್ತು ಇಂಡಿಕೇಟರುಗಳಿಗೆ ಬೇರೆಬೇರೆ ಬಲ್ಬುಗಳಿದ್ದರೆ, ಆ ಎರಡು ಸಂಕೇತಗಳನ್ನು ಕೂಡಿಸುವ ಕನ್ವರ್ಟರ್ ಪೆಟ್ಟಿಗೆಯೊಂದು ಬೇಕಾಗುತ್ತದೆ.

ಮಗಳ ಸಾಮಾನು ಸುರಕ್ಷಿತವಾಗಿ ಶಿಕಾಗೋ ತಲುಪಿತು. ನಮ್ಮ ವ್ಯಾನ್ ಈಗ ಊರೊಳಗಿನ ಓಡಾಟಕ್ಕೂ ಇಲ್ಲ. ಅದನ್ನು ಗುಜರಿಗೆ ಕೊಟ್ಟೆವು. ಉಪ್ಪಿನ ನಾಡಿನಲ್ಲಿ ಹಳೆಯ ಕಾರಿಟ್ಟುಕೊಂಡ ಓದುಗರಲ್ಲಿ ನನ್ನ ವಿನಂತಿಯಿಷ್ಟೇ: ಹಿಚ್ ಕೊಳ್ಳುವ ಮೊದಲೇ ಕಾರಿನ ಕೆಳಗೊಮ್ಮೆ ಇಣುಕಿ ನೋಡಿ, ಅಥವಾ ಬಲ್ಲವರಿಂದ ನೋಡಿಸಿ. ನಾನು ಆ ಕ್ರಮವನ್ನು ತಿರುಗುಮುರುಗಾಗಿ ಮಾಡಿದ್ದೆ.