ಅಜ್ಜನ ವಾಚು ಯಾವ ವರ್ಷದ್ದು? ಬೆನ್ನು ಬಿಚ್ಚಿದರೆ ಗೊತ್ತಾಗುತ್ತೆ

ಪೋತ್ತನೂರು: ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತಮಿಳು ಮಾತಾಡುವ ಈ ಭಾಗದ ಕುಟುಂಬಗಳ ಬೀರುವಿನಲ್ಲಿ ರೇಷ್ಮೆ ಸೀರೆ, ಮನೆ ಪತ್ರಗಳ ಜತೆಗೆ ಇನ್ನೊಂದು ವಸ್ತು ಇರುವುದುಂಟು. ಅಜ್ಜನೋ ದೊಡ್ಡಪ್ಪನೋ ಕಟ್ಟಿಕೊಳ್ಳುತ್ತಿದ್ದ ಸ್ವಿಸ್ ವಾಚು. ಕೀಲಿ ಕೊಟ್ಟರೆ ಇವತ್ತಿಗೂ ಓಡುತ್ತದೆ. ಆದರೆ ಯಾವ ವರ್ಷದ್ದು ಎಂದು ಕೇಳಿ ನೋಡಿ, ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಲೆಕ್ಕ. ‘ಅಪ್ಪನ ಮದುವೇಲಿ ಕೊಟ್ಟಿದ್ದು’ ಎಂದು ಒಬ್ಬರು, ‘ಅಲ್ಲ, ಅದಕ್ಕೂ ಹಳೇದು’ ಎಂದು ಇನ್ನೊಬ್ಬರು.

ಇದು ಬರೀ ಮನೆಮಾತಿನ ವಿಷಯವಾಗಿ ಉಳಿದಿಲ್ಲ. ಹಳೆಯ ರೋಲೆಕ್ಸ್, ಒಮೆಗಾ, ಲಾಂಜೀನ್ ವಾಚುಗಳಿಗೆ ಈಗ ಒಳ್ಳೆ ಗಿರಾಕಿ ಇದೆ. ಒಂದೇ ಮಾದರಿಯ ಎರಡು ವಾಚುಗಳ ಬೆಲೆ ತಯಾರಾದ ವರ್ಷದ ಮೇಲೆ ಲಕ್ಷಗಟ್ಟಲೆ ಹೆಚ್ಚುಕಮ್ಮಿಯಾಗುತ್ತದೆ. ವರ್ಷ ಗೊತ್ತಿಲ್ಲದೆ ಮಾರಿದವನಿಗೂ ನಷ್ಟ, ಬಾಯಿಮಾತು ನಂಬಿ ಕೊಂಡವನಿಗೂ ನಷ್ಟ. ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವಾಗ ‘ಅದೇನು ಹಳೇ ವಾಚು, ನೀನೇ ಇಟ್ಕೊ’ ಎಂದು ಬಿಟ್ಟುಕೊಟ್ಟವರು ಆಮೇಲೆ ಬೆಲೆ ಕೇಳಿದರೆ ಏನಂದಾರು?

ಬಿಲ್ ಇದ್ದರೆ ಕೆಲಸ ಸುಲಭ. ನಮ್ಮ ಕಡೆ ಅದೇ ಇರುವುದಿಲ್ಲ. 1991ಕ್ಕೆ ಮೊದಲು ಲೈಸೆನ್ಸ್ ಕಾಲದಲ್ಲಿ ವಿದೇಶಿ ವಾಚಿನ ಆಮದಿಗೆ ಬಿಗಿ ಕಡಿವಾಣ, ತಲೆ ಮೇಲೆ ಸುಂಕ. ಹಾಗಾಗಿ ಎಷ್ಟೋ ವಾಚುಗಳು ಗಲ್ಫ್‌ನಿಂದ ಬಂದವರ ಕೈಗೆ ಕಟ್ಟಿಕೊಂಡೇ ಬಂದವು, ಇನ್ನೆಷ್ಟೋ ಕಳ್ಳದಾರಿಯಲ್ಲಿ ಬಂದವು. ಅದಕ್ಕೆ ಬಿಲ್ ಎಲ್ಲಿಂದ ತರುವುದು? ಇನ್ನು ಬಿಲ್ ಅಥವಾ ಗ್ಯಾರಂಟಿ ಕಾರ್ಡ್ ಸಿಕ್ಕಿದರೂ ಅದರಲ್ಲಿರುವುದು ಮಾರಿದ ತಾರೀಖು. ತಯಾರಾದ ವಾಚು ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಕೂತಿರಬಹುದು.

ರೈಲ್ವೆ ಅಕ್ಷರಗಳ ಸಾಕ್ಷಿ

ಪೋತ್ತನೂರು ಎಂದರೆ ರೈಲು. ಮದರಾಸಿನಿಂದ ಪಶ್ಚಿಮ ಕರಾವಳಿಯ ಬೇಪೂರಿಗೆ ಹೋಗುವ ಹಳಿ 1862ರಲ್ಲಿ ಈ ಊರಿನ ಮೇಲೆ ಹಾದುಹೋಯಿತು. ಕೊಯಮತ್ತೂರು ಪೇಟೆಗೆ ರೈಲು ಬಂದದ್ದು ಅದರ ನಂತರ, 1873ರಲ್ಲಿ. ರೈಲು ಇದ್ದ ಕಡೆ ವಾಚು ಇರಲೇಬೇಕು. ಸ್ಟೇಷನ್ ಮಾಸ್ಟರ್, ಗಾರ್ಡ್, ಡ್ರೈವರ್ ಯಾರೇ ಆಗಲಿ, ನಿಮಿಷ ತಪ್ಪಿದರೆ ಅಪಾಯ. ಆ ಕಾಲದ ರೈಲ್ವೆ ಕಂಪನಿಗಳು ಕೊಟ್ಟ ಜೇಬು ಗಡಿಯಾರಗಳ ಬೆನ್ನ ಮೇಲೆ ಕಂಪನಿಯ ಹೆಸರಿನ ಮೊದಲಕ್ಷರಗಳನ್ನೂ ಒಂದು ನಂಬರನ್ನೂ ಕೊರೆಸುವುದಿತ್ತು.

ಆ ಅಕ್ಷರಗಳೇ ಈಗ ಕ್ಯಾಲೆಂಡರ್. ಪೋತ್ತನೂರಿನ ಹಳಿ 1907ರ ಕೊನೆಯವರೆಗೆ ಮದ್ರಾಸ್ ರೈಲ್ವೆಯದು. 1908ರಿಂದ ಸೌತ್ ಇಂಡಿಯನ್ ರೈಲ್ವೆಯದು. ಅದೇ ವರ್ಷ ಮದ್ರಾಸ್ ರೈಲ್ವೆಯ ಉಳಿದ ಭಾಗ ಹುಬ್ಬಳ್ಳಿ, ಬೆಳಗಾವಿ ಕಡೆಯ ಸದರ್ನ್ ಮರಾಠಾ ರೈಲ್ವೆ ಜತೆ ಸೇರಿ ‘ಎಂ ಅಂಡ್ ಎಸ್‌ಎಂ’ ಆಯಿತು. 1951ರ ಏಪ್ರಿಲ್ 14ರಂದು ಇವೆರಡೂ ನಮ್ಮ ಮೈಸೂರು ಸ್ಟೇಟ್ ರೈಲ್ವೆಯೂ ಒಂದಾಗಿ ದಕ್ಷಿಣ ರೈಲ್ವೆ ಹುಟ್ಟಿತು. ಅಂದಮೇಲೆ ಬೆನ್ನ ಮೇಲೆ ‘ಎಸ್‌ಐಆರ್’ ಎಂದಿರುವ ಗಡಿಯಾರ 1951ರ ನಂತರ ಕೊಟ್ಟದ್ದಾಗಿರಲು ಕಷ್ಟ. ‘ಎಂ ಅಂಡ್ ಎಸ್‌ಎಂ’ ಎಂದಿದ್ದರೆ 1908ಕ್ಕೆ ಮೊದಲಿನದೆಂಬ ಮಾತೇ ಇಲ್ಲ. ಇಲ್ಲಿ ಒಂದು ಎಚ್ಚರ ಬೇಕು. ಅಕ್ಷರ ಹೇಳುವುದು ನೌಕರನ ಕೈಗೆ ಕೊಟ್ಟ ಕಾಲವನ್ನು, ಗಡಿಯಾರ ಅದಕ್ಕೂ ಹಿಂದಿನದಿರಬಹುದು.

ಬೆಳ್ಳಿ ಕೇಸಿನ ಗಡಿಯಾರವಾದರೆ ಮುಚ್ಚಳದ ಒಳಗೆ ನೋಡಬೇಕು. ಬರ್ಮಿಂಗ್‌ಹ್ಯಾಮ್‌ನಲ್ಲಿ ಪರೀಕ್ಷೆಯಾದ ಬೆಳ್ಳಿಗೆ ಲಂಗರಿನ ಮುದ್ರೆ, ಪಕ್ಕದಲ್ಲಿ ಒಂದು ಇಂಗ್ಲಿಷ್ ಅಕ್ಷರ. ಆ ಅಕ್ಷರ ವರ್ಷಕ್ಕೊಂದರಂತೆ ಬದಲಾಗುತ್ತಿತ್ತು. ಅಕ್ಷರಮಾಲೆ ಮುಗಿದರೆ ಬರವಣಿಗೆಯ ರೂಪ ಬದಲಿಸಿ ಮತ್ತೆ ಮೊದಲಿಂದ ಶುರು. ಆದ್ದರಿಂದ ಅಕ್ಷರ ಯಾವುದು ಎನ್ನುವುದರಷ್ಟೇ ಅದರ ಆಕಾರ ಹೇಗಿದೆ ಎನ್ನುವುದೂ ಮುಖ್ಯ. ಸ್ವಿಸ್ 18 ಕ್ಯಾರೆಟ್ ಚಿನ್ನದ ಕೇಸಿಗೆ 1995ರವರೆಗೆ ಹೆಣ್ಣಿನ ತಲೆಯ ಮುದ್ರೆ, ಆಮೇಲೆ ನಾಯಿಯ ತಲೆ. ನಾಯಿ ತಲೆ ಇಟ್ಟುಕೊಂಡು ‘ಇದು 1960ರ ಚಿನ್ನದ ವಾಚು’ ಎನ್ನುವವರನ್ನು ಅಲ್ಲೇ ಬಿಟ್ಟು ಬರುವುದು ಒಳ್ಳೆಯದು.

ನಂಬರಿನ ಲೆಕ್ಕ

ಕೈಗಡಿಯಾರದಲ್ಲಿ ಮೊದಲ ಸಾಕ್ಷಿ ಸೀರಿಯಲ್ ನಂಬರು. ಒಮೆಗಾ ಹಳೆ ವಾಚುಗಳಲ್ಲಿ ಇದು ಒಳಗಿನ ಮಷಿನ್ ಮೇಲೆ ಇರುತ್ತದೆ. 1 ಕೋಟಿಯ ನಂಬರು 1944ರ ಸುಮಾರಿಗೆ, 2 ಕೋಟಿಯದು 1960ರ ದಶಕದ ಆರಂಭಕ್ಕೆ ಬರುತ್ತದೆ. ಇದರಿಂದ ಒಂದೆರಡು ವರ್ಷ ಆಚೀಚೆ ಅಂದಾಜು ಸಿಗುತ್ತದೆ, ಅಷ್ಟೇ.

ರೋಲೆಕ್ಸ್‌ನಲ್ಲಿ ನಂಬರು ಹುಡುಕಲು ಪಟ್ಟಿ ಬಿಚ್ಚಬೇಕು. 6 ಗಂಟೆಯ ಕಡೆ, ಪಟ್ಟಿ ಸಿಕ್ಕಿಸುವ ಎರಡು ಕೊಂಬುಗಳ ನಡುವೆ ಕೊರೆದಿರುತ್ತದೆ. 2000ದ ದಶಕದ ಮಧ್ಯದಿಂದ ಡಯಲ್ ಸುತ್ತಲಿನ ಒಳ ಬಳೆಯ ಮೇಲೂ ಬರೆಯತೊಡಗಿದರು. ನಂಬರಿನಿಂದ ವರ್ಷ ಹೇಳುವ ಪಟ್ಟಿಯನ್ನು ಕಂಪನಿ ಪ್ರಕಟಿಸಿಲ್ಲ. ಈಗ ಓಡಾಡುತ್ತಿರುವುದೆಲ್ಲ ಸಂಗ್ರಾಹಕರು ಸಾವಿರಾರು ವಾಚು ನೋಡಿ ಕಟ್ಟಿದ ಲೆಕ್ಕ. ಅದರಲ್ಲೂ ಒಂದು ಹಳ್ಳ ಇದೆ. 1950ರ ದಶಕದ ಆರಂಭದಲ್ಲಿ ಆರಂಕಿಯ ನಂಬರು ಮುಗಿದು ಮತ್ತೆ ಕೆಳಗಿನಿಂದ ಎಣಿಕೆ ಶುರುವಾಯಿತು. ಹೀಗಾಗಿ ಅದೇ ನಂಬರು 1940ರ ಆಸುಪಾಸಿನ ವಾಚಿಗೂ 1950ರ ದಶಕದ ವಾಚಿಗೂ ಇರಬಹುದು!

ಆಗ ಕೈಹಿಡಿಯುವುದು ಹಿಂಬದಿ ಮುಚ್ಚಳದ ಒಳಮೈ. 1950ರ ದಶಕದಿಂದ 1970ರ ದಶಕದ ಆರಂಭದವರೆಗೆ ರೋಲೆಕ್ಸ್ ಮುಚ್ಚಳಗಳ ಒಳಗೆ ರೋಮನ್ ಅಂಕಿಯಲ್ಲಿ ತ್ರೈಮಾಸಿಕ, ಪಕ್ಕದಲ್ಲಿ ವರ್ಷದ ಎರಡಂಕಿ ಒತ್ತುತ್ತಿದ್ದರು. ರೋಮನ್ ಮೂರು, ಪಕ್ಕದಲ್ಲಿ 67 ಎಂದಿದ್ದರೆ ಮುಚ್ಚಳ ತಯಾರಾದದ್ದು 1967ರ ಜುಲೈನಿಂದ ಸೆಪ್ಟೆಂಬರ್ ಒಳಗೆ. ವಾಚು ಜೋಡಣೆಯಾಗಿ ಅಂಗಡಿಗೆ ಬಂದದ್ದು ಅದರ ನಂತರ.

1987ರ ಸುಮಾರಿಗೆ ನಂಬರಿನ ಮುಂದೆ ಇಂಗ್ಲಿಷ್ ಅಕ್ಷರ ಬಂತು. ಮೊದಲು ಆರ್, ಆಮೇಲೆ ಎಲ್, ಇ, 1991ರ ಹೊತ್ತಿಗೆ ಎಕ್ಸ್. ಕಂಪನಿ ಹೆಸರಿನದೇ ಅಕ್ಷರಗಳು, ಸೊನ್ನೆಯಂತೆ ಕಾಣುವ ಓ ಮಾತ್ರ ಇಲ್ಲ. 2010ರಿಂದ ನಂಬರಿಗೆ ತಲೆಬುಡವೇ ಇಲ್ಲ, ಅಕ್ಷರ ಅಂಕಿ ಕಲಸಿ ಕೊಡುತ್ತಾರೆ. ಅಂಥ ವಾಚಿಗೆ ಕಾರ್ಡು ಇಲ್ಲವೆಂದರೆ ನಂಬರಿನಿಂದ ವರ್ಷ ತೆಗೆಯುವ ಆಸೆ ಬಿಡಬೇಕು.

ಸೀಕೋ ಇಟ್ಟುಕೊಂಡವರ ಕಷ್ಟ ಬೇರೆ. ನಂಬರಿನ ಮೊದಲ ಅಂಕಿ ವರ್ಷದ ಕೊನೆಯ ಅಂಕಿ, ಎರಡನೆಯದು ತಿಂಗಳು. 7 ಎಂದರೆ 1967ಕ್ಕೂ ಸರಿ, 1977ಕ್ಕೂ ಸರಿ, 1987ಕ್ಕೂ ಸರಿ. ಒಳಗಿನ ಮಷಿನ್ ಯಾವ ಕಾಲದ್ದೆಂದು ತಿಳಿದವರೇ ದಶಕ ಹೇಳಬೇಕು.

ಕತ್ತಲಲ್ಲಿ ಹೊಳೆದರೆ ಅನುಮಾನ

ಡಯಲ್‌ನ ಕೆಳತುದಿಯಲ್ಲಿ ಇರುವೆ ಸಾಲಿನಂಥ ಬರಹ ಇರುತ್ತದೆ. ಭೂತಗನ್ನಡಿ ಹಿಡಿಯಬೇಕು. ರೋಲೆಕ್ಸ್‌ನಲ್ಲಿ ‘ಸ್ವಿಸ್’ ಪದದ ಎರಡೂ ಬದಿ ಟಿ ಅಕ್ಷರ ಇದ್ದರೆ ಮುಳ್ಳಿಗೂ ಗುರುತಿಗೂ ಹಚ್ಚಿದ್ದು ಟ್ರಿಟಿಯಂ, ಅಂದರೆ ಸುಮಾರು 1997-98ಕ್ಕೆ ಮೊದಲಿನ ಡಯಲ್. ಆಮೇಲೆ ಬಂದದ್ದು ಬೆಳಕು ಕುಡಿದು ಹೊಳೆಯುವ ಬೇರೆ ಬಣ್ಣ. ಟ್ರಿಟಿಯಂ ಶಕ್ತಿ ಹನ್ನೆರಡು ಚಿಲ್ಲರೆ ವರ್ಷಕ್ಕೆ ಅರ್ಧವಾಗುತ್ತದೆ. 1985ರ ವಾಚು ಎಂದು ಕೊಟ್ಟದ್ದು ಇವತ್ತೂ ರಾತ್ರಿಯಿಡೀ ಜಗ್ಗನೆ ಹೊಳೆದರೆ ಡಯಲ್ಲೋ ಮುಳ್ಳೋ ಬದಲಾಗಿದೆ ಎಂದೇ ತಿಳಿಯಬೇಕು.

1960ರ ದಶಕಕ್ಕೂ ಹಿಂದಿನ ವಾಚುಗಳಲ್ಲಿ ಹಚ್ಚುತ್ತಿದ್ದುದು ರೇಡಿಯಂ. ಅದರ ಹೊಳಪು ಸತ್ತಿದ್ದರೂ ವಿಕಿರಣ ಸತ್ತಿಲ್ಲ, ಅದರ ಅರ್ಧಾಯುಷ್ಯ ಸುಮಾರು 1,600 ವರ್ಷ. ಗಾಜು ಮುಚ್ಚಿರುವ ತನಕ ಸರಿ, ಮನೆಯಲ್ಲಿ ಬಿಚ್ಚಿ ಉಗುರಿನಲ್ಲಿ ಕೆರೆಯುವ ಕೆಲಸ ಖಂಡಿತ ಬೇಡ.

ಇಷ್ಟಾದರೂ ಡಯಲ್ ಒಂದನ್ನೇ ನಂಬುವಂತಿಲ್ಲ. ಹಳೆ ಡಯಲ್ ಕೆರೆದು ಹೊಸ ಬಣ್ಣ ಬಳಿದು ಬರಹ ಒತ್ತುವ ಕೆಲಸಕ್ಕೆ ಮುಂಬೈ ಹೆಸರುವಾಸಿ. ಎಚ್‌ಎಂಟಿ, ಫಾವ್ರ್ ಲ್ಯೂಬಾ, ಒಮೆಗಾ ಯಾವುದನ್ನೂ ಬಿಟ್ಟಿಲ್ಲ. ಐವತ್ತು ವರ್ಷದ ವಾಚಿನ ಮುಖ ಮದುಮಗನ ಹಾಗೆ ಹೊಳೆಯುತ್ತಿದ್ದರೆ, ಅಕ್ಷರ ದಪ್ಪಗೆ ಹರಡಿಕೊಂಡಿದ್ದರೆ, ಯಾವತ್ತೂ ತಯಾರಾಗದ ಬಣ್ಣ ಇದ್ದರೆ ಬೆಲೆ ಮಾತಾಡುವುದನ್ನು ಅಲ್ಲಿಗೇ ನಿಲ್ಲಿಸಬಹುದು. ಅಗ್ಗದ ವಾಚಿನಲ್ಲೂ ಸುಳ್ಳು ನಡೆಯುತ್ತದೆ. ಗಡಿಯಾಚೆ ಹೊಸೂರಿನ ಟೈಟಾನ್ ಕಂಪನಿ ಶುರುವಾದದ್ದೇ 1984ರಲ್ಲಿ, ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚು ಬಂದದ್ದು 1961ರಲ್ಲಿ. ಅದಕ್ಕೂ ಹಳೇದು ಎಂದು ಮಾರುವವರಿದ್ದರೆ ನಕ್ಕು ಬರಬೇಕು.

ನಮ್ಮಂಥವರು ಮೋಸ ಹೋಗುವುದಿರಲಿ, ತಯಾರಕರೇ ಮೋಸ ಹೋದ ಪ್ರಕರಣ ಇದೆ. 2021ರ ನವೆಂಬರ್‌ನಲ್ಲಿ ಜಿನೀವಾ ಹರಾಜಿನಲ್ಲಿ 1957ರದೆಂದು ಹೇಳಿದ ಒಂದು ಒಮೆಗಾ ಸ್ಪೀಡ್‌ಮಾಸ್ಟರ್ 31 ಲಕ್ಷ ಸ್ವಿಸ್ ಫ್ರಾಂಕ್‌ಗೂ ಹೆಚ್ಚಿಗೆ ಹೋಯಿತು. ಕೊಂಡದ್ದು ಒಮೆಗಾದ ಸ್ವಂತ ಮ್ಯೂಸಿಯಂ. 2023ರಲ್ಲಿ ನೋಡಿದರೆ ಅದು ಬೇರೆ ಬೇರೆ ವಾಚುಗಳ ಬಿಡಿಭಾಗ ಜೋಡಿಸಿದ್ದು. ತನ್ನ ಮೂವರು ಮಾಜಿ ನೌಕರರ ಕೈವಾಡ ಇದೆಯೆಂದು ಕಂಪನಿಯೇ ಹೇಳಿತು. ಕೇಸು, ಮಷಿನ್, ಡಯಲ್, ಪಟ್ಟಿ ನಾಲ್ಕೂ ಒಂದೇ ಕಾಲವನ್ನು ಹೇಳುತ್ತವೆಯೇ ಎಂದು ಬೇರೆ ಬೇರೆಯಾಗಿ ನೋಡಬೇಕಾದ್ದು ಇದಕ್ಕೇ. ರೋಲೆಕ್ಸ್ ಪಟ್ಟಿಯ ಕೊಂಡಿಯಲ್ಲಿ 1976ರಿಂದ ವರ್ಷದ ಗುಪ್ತ ಅಕ್ಷರ ಇದೆ, ಆದರೆ ಪಟ್ಟಿ ಬದಲಾಯಿಸುವುದು ಎಲ್ಲಕ್ಕಿಂತ ಸುಲಭ.

ಕಂಪನಿಯ ದಫ್ತರದಿಂದಲೇ ಉತ್ತರ ಪಡೆಯುವ ದಾರಿಯೂ ಇದೆ. ಲಾಂಜೀನ್ 1867ರಿಂದ ನಂಬರಿನ ರಿಜಿಸ್ಟರ್ ಇಟ್ಟಿದೆ, ನಂಬರು ಕಳಿಸಿದವರಿಗೆ ವಿವರ ತಿಳಿಸುತ್ತದೆ. ಪಾಟೆಕ್ ಫಿಲಿಪ್ ಶುಲ್ಕ ಪಡೆದು ಕೊಡುವ ಪತ್ರದಲ್ಲಿ ತಯಾರಾದ ಕಾಲವೂ ಮಾರಾಟವಾದ ದಿನವೂ ಎರಡೂ ಇರುತ್ತವೆ. ಅದಕ್ಕೆ ಮಷಿನ್ ನಂಬರು, ಕೇಸ್ ನಂಬರು ಎರಡೂ ಬೇಕು.

ಆ ನಂಬರುಗಳಿಗಾಗಿ ಸರ್ವಿಸ್‌ಗೆ ಕೊಡುವ ದಿನವೇ ಸರಿಯಾದ ದಿನ. ರಿಪೇರಿಯವರು ಹೇಗೂ ಮುಚ್ಚಳ ಬಿಚ್ಚುತ್ತಾರೆ. ‘ಅಣ್ಣಾ, ಒಂದ್ನಿಮಿಷ’ ಎಂದು ಮೊಬೈಲಿನಲ್ಲಿ ಮುಚ್ಚಳದ ಒಳಮೈ, ಮಷಿನ್, ಕೊಂಬಿನ ನಡುವಿನ ನಂಬರು ಮೂರರ ಫೋಟೊ ತೆಗೆದುಕೊಂಡರೆ ಮತ್ತೆ ಬಿಚ್ಚಿಸುವ ಗೋಜಿಲ್ಲ. ಪಾಲಿಶ್ ಬೇಡ ಎಂದು ಮೊದಲೇ ಹೇಳಬೇಕು, ಉಜ್ಜಿದರೆ ಕೊರೆದ ಅಂಕಿ ಸವೆಯುತ್ತದೆ. ಮುಳ್ಳು, ಡಯಲ್, ಕೀಲಿಗುಂಡಿ ಏನೇ ಬದಲಿಸಿದರೂ ಹಳೆಯದನ್ನು ಸಣ್ಣ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಸಿಕೊಂಡು ವಾಪಸ್ ತರಬೇಕು.