ಡಿಸ್ಚಾರ್ಜ್ ಬುಕ್‌ನಲ್ಲಿ ಮೆಡಲ್ ಬಿಟ್ಟು ಹೋಗಿದೆಯೇ? ಮಾಜಿ ಸೈನಿಕರು ಏನು ಮಾಡಬೇಕು, ಏನು ಮಾಡಬಾರದು

ಬೈಲಹೊಂಗಲ: ಕಳೆದ ಡಿಸೆಂಬರ್ 16ರ ವಿಜಯ ದಿವಸದಂದು ನಮ್ಮ ತಾಲೂಕಿನ ಹಳ್ಳಿಯೊಂದರಲ್ಲಿ ಮಾಜಿ ಸೈನಿಕರಿಗೆ ಸನ್ಮಾನ ಇತ್ತು. 1971ರ ಯುದ್ಧದಲ್ಲಿ ಇದ್ದವರನ್ನ ಮೊದಲು ಕರೆದು ಶಾಲು ಹೊದಿಸಿದರು, ಉಳಿದವರನ್ನ ಆಮೇಲೆ. 76 ವರ್ಷದ ಅಜ್ಜಾರೊಬ್ಬರು ಆ 'ಉಳಿದವರ' ಸಾಲಿನಲ್ಲಿ ಕೂತಿದ್ದರು. ಅಸಲಿಗೆ ಅವರು 1971ರಲ್ಲಿ ಪಶ್ಚಿಮ ಗಡಿಯಲ್ಲಿ ಇದ್ದವರು. ಹೀಗೆ ಯಾಕಾಯ್ತು ಅಂದ್ರೆ, ಸಂಘಟಕರು ಎಲ್ಲರ ಡಿಸ್ಚಾರ್ಜ್ ಬುಕ್ ಝೆರಾಕ್ಸ್ ತರಿಸಿಕೊಂಡು, ಅದರಲ್ಲಿ 'ಪೂರ್ವಿ ಸ್ಟಾರ್' ಅಥವಾ 'ಪಶ್ಚಿಮಿ ಸ್ಟಾರ್' ಇದೆಯಾ ಅಂತ ನೋಡಿ ಲಿಸ್ಟ್ ಮಾಡಿದ್ದರು. ಅಜ್ಜಾರ ಬುಕ್‌ನಲ್ಲಿ ಅದು ಇರಲಿಲ್ಲ.

'ನಾ ಏನ್ ಜಗಳಾ ಮಾಡಾಕ ಹೋಗ್ಲಿಲ್ಲ ತಮ್ಮಾ. ಬುಕ್ಕಿನ್ಯಾಗ ಇಲ್ಲಂದ್ರ ಅವರರ ಏನ್ ಮಾಡ್ತಾರು? ಆದ್ರ ಮೊಮ್ಮಗ ಬಾಜೂಕ ಕುಂತಿದ್ದ. ಮನೀಗಿ ಬಂದ್ ಮ್ಯಾಲ, ಅಜ್ಜಾ ನೀ ಖರೇನ ಯುದ್ಧಕ್ಕ ಹೋಗಿದ್ದಿಲ್ಲೋ ಅಂತ ಕೇಳಿದ' ಅಂದರು. ಅದೊಂದು ಮಾತಿಗೆ ಅವರು ಈಗ ಅರ್ಜಿ ಬರೆದಿದ್ದಾರೆ. ಹೆಸರು, ರೆಜಿಮೆಂಟ್ ಹಾಕಬೇಡ ಅಂದಿದ್ದಕ್ಕೆ ಹಾಕಿಲ್ಲ.

ಅವರ ಅರ್ಜಿಯ ಬೆನ್ನು ಹತ್ತಿ ನಾನೂ ಒಂದಿಷ್ಟು ಓಡಾಡಿದೆ. ಮಿಲಿಟರಿ ಕಾಗದದಲ್ಲಿ ಬರೋ ಇಂಗ್ಲಿಷ್ ಶಾರ್ಟ್‌ಫಾರಂ ಡಿಗ್ರಿ ಅರ್ಧಕ್ಕೆ ಬಿಟ್ಟ ನನ್ನಂಥವರಿಗೆ ಬಿಡಿ, ಡಿಗ್ರಿ ಮುಗಿಸಿದವರಿಗೂ ತಲೆ ಕೆಡಿಸುತ್ತೆ. ತಾಲೂಕಿನಲ್ಲಿ ಮಿಲಿಟರಿಯಿಂದ ಬಂದವರ ಮನೆಗಳು ಬಹಳ ಇವೆ. ಅದಕ್ಕೇ ತಿಳಿದಿದ್ದನ್ನ ಬರೀತಿದ್ದೀನಿ.

ಎರಡು ಥರದ ಮೆಡಲ್

ಮೊದಲಿಗೆ ಒಂದು ಗೊಂದಲ ಬಗೆಹರಿಸಿಕೊಳ್ಳಬೇಕು. ಶೌರ್ಯ ಪದಕ ಬೇರೆ, ಸೇವಾ ಪದಕ ಬೇರೆ. ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರ, ಶೌರ್ಯ ಚಕ್ರ, ಸೇನಾ ಮೆಡಲ್ ಇವೆಲ್ಲ ಒಬ್ಬ ಸೈನಿಕನ ಹೆಸರು ಹಿಡಿದು ಕೊಡುವಂಥವು. ಇದಕ್ಕೆ ಕಮಾಂಡಿಂಗ್ ಆಫೀಸರ್ ಶಿಫಾರಸು ಬೇಕು, ಅದು ಮೇಲಿನವರೆಗೆ ಹೋಗಬೇಕು, ಕೊನೆಗೆ ಗೆಜೆಟ್‌ನಲ್ಲಿ ಬರಬೇಕು. ಇವಕ್ಕೆ ತಿಂಗಳ ಭತ್ಯೆಯೂ ಇದೆ. 2017ರಲ್ಲಿ ಇದನ್ನ ದುಪ್ಪಟ್ಟು ಮಾಡಿದಾಗ ಪರಮವೀರ ಚಕ್ರಕ್ಕೆ ತಿಂಗಳಿಗೆ 20,000, ವೀರ ಚಕ್ರಕ್ಕೆ 7,000, ಶೌರ್ಯಕ್ಕಾಗಿ ಕೊಟ್ಟ ಸೇನಾ ಮೆಡಲ್‌ಗೆ 2,000 ರೂಪಾಯಿ ಆಯಿತು.

ಸೇವಾ ಪದಕ ಹಾಗಲ್ಲ. ಇಂಥ ಜಾಗದಲ್ಲಿ, ಇಂಥ ಹೊತ್ತಿನಲ್ಲಿ, ಇಷ್ಟು ದಿನ ಡ್ಯೂಟಿಯಲ್ಲಿದ್ದ ಎಲ್ಲರಿಗೂ ಸಿಗಬೇಕಾದದ್ದು. 1971ರಲ್ಲಿ ಪೂರ್ವದ ಯುದ್ಧರಂಗದಲ್ಲಿ, ಅಂದ್ರೆ ಬಾಂಗ್ಲಾದೇಶದ ಕಡೆ ಇದ್ದವರಿಗೆ ಪೂರ್ವಿ ಸ್ಟಾರ್. ಪಾಕಿಸ್ತಾನದ ಪಶ್ಚಿಮ ಗಡಿಯಲ್ಲಿ ಇದ್ದವರಿಗೆ ಪಶ್ಚಿಮಿ ಸ್ಟಾರ್. ಆ ಕಾಲದಲ್ಲಿ ಸೇನೆಯಲ್ಲಿದ್ದವರಿಗೆ, ಗಡಿಗೆ ಹೋಗದೇ ಇದ್ದರೂ, ಸಂಗ್ರಾಮ್ ಮೆಡಲ್. 1972ರ ಆಗಸ್ಟ್ 15ಕ್ಕೆ ಸೇವೆಯಲ್ಲಿದ್ದವರಿಗೆ ಸ್ವಾತಂತ್ರ್ಯದ 25ನೇ ವರ್ಷದ ಮೆಡಲ್, 1997ರಲ್ಲಿ ಇದ್ದವರಿಗೆ 50ನೇ ವರ್ಷದ್ದು, 2022ರಲ್ಲಿ ಇದ್ದವರಿಗೆ 75ನೇ ವರ್ಷದ್ದು. 9 ವರ್ಷ, 20 ವರ್ಷ, 30 ವರ್ಷ ಸೇವೆಯ ಮೆಡಲ್‌ಗಳು ಬೇರೆ. 1965ರವರಿಗೆ ಸಮರ ಸೇವಾ ಸ್ಟಾರ್ ಮತ್ತು ರಕ್ಷಾ ಮೆಡಲ್. ಸಿಯಾಚಿನ್‌ಗೆ ಹೋಗಿ ಬಂದವರಿಗೆ, ಶ್ರೀಲಂಕಾದ ಶಾಂತಿಪಾಲನಾ ಪಡೆಯಲ್ಲಿದ್ದವರಿಗೆ, ಕಾರ್ಗಿಲ್‌ನವರಿಗೆ, 2001-02ರ ಆಪರೇಶನ್ ಪರಾಕ್ರಮದವರಿಗೆ ಹೀಗೇ ಒಂದೊಂದು.

ಈ ಸೇವಾ ಪದಕಗಳಿಗೆ ಒಂದು ರೂಪಾಯಿ ಭತ್ಯೆಯೂ ಇಲ್ಲ. ಇದನ್ನ ದಪ್ಪ ಅಕ್ಷರದಲ್ಲಿ ಬರೀಬೇಕು. ಯಾಕಂದ್ರೆ 'ಮೆಡಲ್ ಸೇರಿಸಿದ್ರೆ ಪೆನ್ಷನ್ ಜಾಸ್ತಿ ಆಗತೈತಿ, ಐದು ಸಾವಿರ ಕೊಡ್ರಿ, ನಾ ಮಾಡಿಸಿ ಕೊಡ್ತೀನಿ' ಅನ್ನೋ ಏಜೆಂಟರು ಹಳ್ಳಿಗಳಲ್ಲಿ ತಿರುಗುತ್ತಾರೆ. ಅಜ್ಜಾರ ಮನೆಗೂ ಒಬ್ಬ ಬಂದಿದ್ದ. 'ರೊಕ್ಕ ಬರೂದಿಲ್ಲಂತ ನನಗ ಗೊತ್ತೈತಿ, ನೀ ಹೋಗಪಾ' ಅಂತ ಕಳಿಸಿದರಂತೆ. ದಾಖಲೆ ತಿದ್ದುಪಡಿಗೆ ಪೋಸ್ಟ್ ಖರ್ಚು, ಝೆರಾಕ್ಸ್ ಖರ್ಚು ಬಿಟ್ಟು ಯಾರಿಗೂ ಏನೂ ಕೊಡಬೇಕಿಲ್ಲ.

ಇನ್ನೊಂದು ಮಾತು. 'ನನ್ನ ಹೆಸರು ವೀರ ಚಕ್ರಕ್ಕೆ ಹೋಗಿತ್ತು, ಬರಲಿಲ್ಲ' ಅನ್ನುವವರೂ ಸಿಕ್ಕರು. ಅವರ ನೋವು ಸುಳ್ಳಲ್ಲ. ಆದರೆ ಹಳೇ ಯುದ್ಧದ ಶಿಫಾರಸನ್ನ ಈಗ ತೆರೆಸೋದು ಬಹಳ ಕಷ್ಟದ ದಾರಿ. ಸಿಗಬೇಕಾಗಿದ್ದ ಸೇವಾ ಪದಕವನ್ನ ದಾಖಲೆಗೆ ಸೇರಿಸೋದು ಅಷ್ಟು ಕಷ್ಟವಲ್ಲ. ಎರಡನ್ನೂ ಒಂದೇ ಅರ್ಜಿಯಲ್ಲಿ ಕಲಸಿ ಬರೆದರೆ ಸುಲಭದ ಕೆಲಸವೂ ನಿಂತುಹೋಗುತ್ತೆ.

ಬಿಟ್ಟು ಹೋಗೋದು ಎಲ್ಲಿ?

ಇದು ನನಗೆ ಬಹಳ ಕುತೂಹಲ ಅನಿಸಿದ ಭಾಗ. ಸೈನಿಕನ ಜೀವನದಲ್ಲಿ ಏನೇ ಆದರೂ, ಮದುವೆ, ಮಗು, ಕೋರ್ಸ್, ಪ್ರಮೋಷನ್, ಮೆಡಲ್, ಅದನ್ನ ಯೂನಿಟ್ ಆಫೀಸು 'ಪಾರ್ಟ್ ಟು ಆರ್ಡರ್' ಅಂತ ಒಂದು ಕಾಗದದಲ್ಲಿ ಪ್ರಕಟಿಸುತ್ತೆ. ಆ ಆರ್ಡರ್ ರೆಕಾರ್ಡ್ ಆಫೀಸಿಗೆ ಹೋಗುತ್ತೆ. ಅಲ್ಲಿ ಸೈನಿಕನ 'ಶೀಟ್ ರೋಲ್'ನಲ್ಲಿ ಎಂಟ್ರಿ ಆಗುತ್ತೆ. ನಿವೃತ್ತಿಯಾಗಿ ಮನೆಗೆ ಬರುವಾಗ ಕೈಗೆ ಕೊಡೋ ಡಿಸ್ಚಾರ್ಜ್ ಬುಕ್ ಈ ದಾಖಲೆ ನೋಡಿಕೊಂಡೇ ಬರೆದದ್ದು. ನಮ್ಮ ಕಡೆ ಅಡತಿ ಅಂಗಡಿಯಲ್ಲಿ ಕಚ್ಚಾ ಚೀಟಿಯಿಂದ ಖಾತೆ ಪುಸ್ತಕಕ್ಕೆ ಇಳಿಸ್ತಾರಲ್ಲ, ಹಂಗೇ. ಚೀಟಿಯೇ ಬರೆಯದಿದ್ದರೆ ಖಾತೆಯಲ್ಲಿ ಎಲ್ಲಿಂದ ಬರಬೇಕು?

ಪೂರ್ವಿ, ಪಶ್ಚಿಮಿ ಸ್ಟಾರ್‌ಗಳು ಯುದ್ಧ ಮುಗಿದ ಮೇಲೆ ಘೋಷಣೆಯಾದವು. ಅಷ್ಟೊತ್ತಿಗೆ ಕೆಲವರಿಗೆ ಬೇರೆ ಯೂನಿಟ್‌ಗೆ ಪೋಸ್ಟಿಂಗ್ ಆಗಿತ್ತು, ಕೆಲವರು ಆಸ್ಪತ್ರೆಯಲ್ಲಿದ್ದರು, ಕೆಲವರು ಮನೆಗೇ ಬಂದಿದ್ದರು. ಅಜ್ಜಾರದು ಇನ್ನೊಂದು ಥರ. ಯುದ್ಧದ ಹೊತ್ತಿಗೆ ಅವರನ್ನ ಬೇರೊಂದು ಯೂನಿಟ್‌ಗೆ ಅಟ್ಯಾಚ್ ಮಾಡಿದ್ದರು. ಸ್ವಂತ ಯೂನಿಟ್‌ನವರು ಇವ ಇಲ್ಲಿ ಇರಲಿಲ್ಲ ಅಂದ್ಕೊಂಡರು, ಆ ಯೂನಿಟ್‌ನವರು ಇವ ನಮ್ಮವನಲ್ಲ ಅಂದ್ಕೊಂಡರು ಅಂತ ಅಜ್ಜಾರ ಲೆಕ್ಕ. 1968ರಲ್ಲಿ ಭರ್ತಿ ಆಗಿ 1983ರಲ್ಲಿ ಪೆನ್ಷನ್ ಬಂದವರು ಅವರು. ಬುಕ್‌ನಲ್ಲಿ ಸಂಗ್ರಾಮ್ ಮೆಡಲ್ ಇದೆ, 25ನೇ ವರ್ಷದ್ದಿದೆ, 9 ವರ್ಷದ್ದೂ ಇದೆ. ಗಡಿಯಲ್ಲಿದ್ದದ್ದಕ್ಕೆ ಗುರುತಾಗಬೇಕಿದ್ದ ಒಂದೇ ಇಲ್ಲ.

ಸರ್ವಿಸ್‌ನಲ್ಲಿದ್ದಾಗ ಯಾಕೆ ಕೇಳಲಿಲ್ಲ ಅಂದೆ. 'ಆವಾಗ ಯಾರ್ ನೋಡ್ತಿದ್ರು ತಮ್ಮಾ? ರಜಾ ಯಾವಾಗ ಸಿಗತೈತಿ, ಊರಿಗಿ ಮನಿಯಾರ್ಡರ್ ಮುಟ್ಟೇತೋ ಇಲ್ಲೋ, ಅದೇ ಚಿಂತಿ' ಅಂದರು.

ಅರ್ಜಿ ಎಲ್ಲಿಗೆ?

ತಹಶೀಲ್ದಾರ್ ಕಚೇರಿಗೆ ಅಲ್ಲ, ಪೆನ್ಷನ್ ಬರೋ ಬ್ಯಾಂಕಿಗೂ ಅಲ್ಲ. ಸ್ಪರ್ಶ್ ಪೋರ್ಟಲ್ ಪೆನ್ಷನ್ನಿಗೆ ಇರೋದು, ಮೆಡಲ್ ದಾಖಲೆ ಅಲ್ಲಿ ತಿದ್ದೋಕಾಗಲ್ಲ. ತಿದ್ದುವ ಅಧಿಕಾರ ಇರೋದು ಆಯಾ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಮಾತ್ರ. ಮರಾಠಾ ಲೈಟ್ ಇನ್‌ಫೆಂಟ್ರಿಯವರಿಗೆ ಅದು ಬೆಳಗಾವಿಯಲ್ಲೇ ಇದೆ. ಎಂಇಜಿ, ಎಎಸ್‌ಸಿ ದಕ್ಷಿಣ, ಪಯೋನಿಯರ್ ಕೋರ್, ಮಿಲಿಟರಿ ಪೊಲೀಸ್‌ನವರಿಗೆ ಬೆಂಗಳೂರು. ಆರ್ಟಿಲರಿಗೆ ನಾಸಿಕ್ ರೋಡ್, ಇಎಂಇಗೆ ಸಿಕಂದರಾಬಾದ್, ಸಿಗ್ನಲ್ಸ್‌ಗೆ ಜಬಲ್ಪುರ, ಮದ್ರಾಸ್ ರೆಜಿಮೆಂಟಿಗೆ ನೀಲಗಿರಿಯ ವೆಲಿಂಗ್ಟನ್, ಮೆಡಿಕಲ್ ಕೋರ್‌ಗೆ ಲಖನೌ. ಏರ್‌ಫೋರ್ಸ್‌ನವರಿಗೆ ದಿಲ್ಲಿಯ ಸುಬ್ರತೋ ಪಾರ್ಕ್, ನೇವಿಯವರಿಗೆ ಮುಂಬೈನ ಮಾನಖುರ್ದ್. ಪೆನ್ಷನ್ ಬಂದ ಮೇಲೆ ಮತ್ತೆ ಡಿಎಸ್‌ಸಿ ಸೇರಿದವರಿಗೆ ಕಣ್ಣೂರಿನಲ್ಲಿ ಇನ್ನೊಂದು ದಾಖಲೆ ಇರುತ್ತೆ. ಆದರೆ ಮೊದಲ ಸೇವೆಯ ಮೆಡಲ್ ಕೇಳೋದು ಮೊದಲ ರೆಜಿಮೆಂಟಿಗೇ.

ನೇರವಾಗಿಯೂ ಬರೆಯಬಹುದು. ಆದರೆ ಬೆಳಗಾವಿಯಲ್ಲಿರೋ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಕಚೇರಿ ಮೂಲಕ ಕಳಿಸಿದರೆ ಒಳ್ಳೇದು. ಅವರ ಕವರಿಂಗ್ ಲೆಟರ್ ಜೊತೆ ಹೋದ ಅರ್ಜಿಗೆ ಜಾವಕ ನಂಬರ್ ಇರುತ್ತೆ, ಮುಂದೆ ಕೇಳೋಕೆ ಒಂದು ಆಧಾರ ಆಗುತ್ತೆ. ಬಿಎಸ್‌ಎಫ್, ಸಿಆರ್‌ಪಿಎಫ್‌ನವರು ಈ ಕಚೇರಿಗೆ ಬರೋದಿಲ್ಲ. ಅವರದು ಗೃಹ ಸಚಿವಾಲಯ, ಅವರವರ ಪಡೆಗೇ ಬರೆಯಬೇಕು.

ಅರ್ಜಿ ಒಂದೇ ಪುಟ ಸಾಕು. ಸರ್ವಿಸ್ ನಂಬರ್, ರ‍್ಯಾಂಕ್, ಬುಕ್‌ನಲ್ಲಿ ಇದ್ದ ಹಾಗೇ ಹೆಸರು, ಭರ್ತಿ ಮತ್ತು ಡಿಸ್ಚಾರ್ಜ್ ತಾರೀಖು ಮೇಲೆ ಬರೆಯಿರಿ. ಕೆಳಗೆ ಯಾವ ಮೆಡಲ್ ಬಿಟ್ಟಿದೆ, ಆಗ ಯಾವ ಯೂನಿಟ್, ಯಾವ ಕಂಪನಿ, ಯಾವ ಸೆಕ್ಟರ್, ಯಾವ ತಿಂಗಳಿಂದ ಯಾವ ತಿಂಗಳು. ಕೊನೆಗೆ ಕೇಳೋದು ಎರಡು: ದಾಖಲೆಯಲ್ಲಿ ಎಂಟ್ರಿ ಮಾಡಿ ಕೊಡಿ, ಮೆಡಲ್ ಕೊಡಿಸಿ. ಎರಡೂ ಬೇರೆ ಬೇರೆ ಕೆಲಸ ಅಂತ ನೆನಪಿರಲಿ. ಎಂಟ್ರಿ ಆದ ಕೂಡಲೇ ಮೆಡಲ್ ಬರುತ್ತೆ ಅಂತಿಲ್ಲ. ಸರ್ಕಾರದಿಂದ ಮೆಡಲ್ ಬರೋದು ತಡ ಆಗಿ, ಹಾಲಿ ಸೈನಿಕರೇ ಅಂಗಡಿಯ ನಕಲು ಕೊಂಡು ಹಾಕಿಕೊಂಡಿರೋದು ಪೇಪರ್‌ಗಳಲ್ಲೇ ಬಂದಿದೆ. ಅಸಲಿ ಮೆಡಲ್ ಅಂಚಿನಲ್ಲಿ ಸೈನಿಕನ ನಂಬರ್, ಹೆಸರು ಕೊರೆದಿರುತ್ತೆ, ಅಂಗಡಿಯದ್ದು ಬೋಳು. ಅಜ್ಜಾರಿಗೆ ಒಬ್ಬರು 'ನಾಕನೂರ ರೂಪಾಯಿಗೆ ತಂದು ಕೊಡ್ತೀನ್ರಿ' ಅಂದಿದ್ದಕ್ಕೆ, 'ಬುಕ್ಕಿನ್ಯಾಗ ಬರೂ ತನಕ ಎದಿ ಮ್ಯಾಲ ಹಾಕೂದಿಲ್ಲ' ಅಂದಿದ್ದಾರೆ.

ಜೊತೆಗೆ ಡಿಸ್ಚಾರ್ಜ್ ಬುಕ್‌ನ ಎಲ್ಲ ಪುಟ, ಪಿಪಿಒ, ಮಾಜಿ ಸೈನಿಕರ ಗುರುತಿನ ಚೀಟಿ, ಆಧಾರ್ ಝೆರಾಕ್ಸ್ ಇಡಿ. ಅಸಲಿ ಬುಕ್ಕನ್ನ ರೆಕಾರ್ಡ್ ಆಫೀಸು ಬರವಣಿಗೆಯಲ್ಲಿ ಕೇಳುವ ತನಕ ಕೈಬಿಡಬೇಡಿ. ಕೇಳಿದರೂ ಪೂರ್ತಿ ಝೆರಾಕ್ಸ್ ಇಟ್ಟುಕೊಂಡು ಸ್ಪೀಡ್ ಪೋಸ್ಟ್‌ನಲ್ಲೇ ಕಳಿಸಿ. ಬುಕ್‌ನಲ್ಲಿ ನೀವೇ ಪೆನ್ನಿನಿಂದ ಮೆಡಲ್ ಹೆಸರು ಸೇರಿಸಬೇಡಿ. ಒಬ್ಬರು ಹಾಗೆ ಮಾಡಿದ್ದನ್ನ ನೋಡಿದೆ, ಈಗ ಅವರ ಇಡೀ ಬುಕ್ ಮೇಲೇ ಅನುಮಾನ. ಝೆರಾಕ್ಸ್ ಅಂಗಡಿಯವರಿಗೂ ಒಂದು ವಿನಂತಿ: ಹಳೇ ಬುಕ್ ತಂದವರಿಗೆ ಲ್ಯಾಮಿನೇಶನ್ ಮಾಡಿಕೊಡಬೇಡಿ. ಸೀಲು ಹಾಕಿ ತಿದ್ದಬೇಕಾದ ಪುಟ ಪ್ಲಾಸ್ಟಿಕ್ ಒಳಗೆ ಸೇರಿಬಿಟ್ಟರೆ ಮುಗೀತು.

ಹಳೇ ಟ್ರಂಕ್ ಒಮ್ಮೆ ತೆಗೀರಿ

ಅಜ್ಜಾರ ಅರ್ಜಿಗೆ ನಾಲ್ಕು ತಿಂಗಳಿಗೆ ಉತ್ತರ ಬಂತು. ಆ ಅವಧಿಯಲ್ಲಿ ಅಟ್ಯಾಚ್ ಆಗಿದ್ದ ಯೂನಿಟ್ ವಿವರ, ಆಧಾರ ಇದ್ದರೆ ಕಳಿಸಿ ಅಂತ. ಆಗ ಅವರ ಮನೆಯವರು ಟ್ರಂಕ್‌ನಿಂದ ತೆಗೆದದ್ದು 1971ರ ಡಿಸೆಂಬರ್‌ನಲ್ಲಿ ಬರೆದಿದ್ದ ಒಂದು ಇನ್‌ಲ್ಯಾಂಡ್ ಪತ್ರ. ಕಳಿಸಿದವರ ವಿಳಾಸದಲ್ಲಿ ಯೂನಿಟ್ ಹೆಸರು, '56 ಎಪಿಒ', ಮೇಲೆ ಫೀಲ್ಡ್ ಪೋಸ್ಟ್ ಆಫೀಸಿನ ನಂಬರ್ ಇರೋ ಠಸ್ಸೆ. 56 ಎಪಿಒ ಅಂದ್ರೆ ಊರಲ್ಲ, ಸೇನೆಯ ಅಂಚೆ ವಿಳಾಸ. ಯೂನಿಟ್ ಎಲ್ಲಿದೆ ಅಂತ ಹೊರಗೆ ಗೊತ್ತಾಗಬಾರದು ಅಂತಲೇ ಹಾಗೆ. ಆದರೆ ಯೂನಿಟ್ ಹೆಸರು ಸಿಕ್ಕಿತಲ್ಲ, ಅದೇ ದೊಡ್ಡದು. ಪತ್ರದಲ್ಲಿ ಏನಿದೆ ಅಂತ ಕೇಳಿದೆ. ಅಜ್ಜಿ ನಕ್ಕು ಮಡಚಿಟ್ಟರು, ಹೊರಗಿನ ಭಾಗ ಮಾತ್ರ ಫೋಟೊ ತೆಗೆಯೋಕೆ ಕೊಟ್ಟರು.

ಇಂಥ ಪತ್ರ, ಹಳೇ ಗ್ರೂಪ್ ಫೋಟೊ, ಮೂವ್‌ಮೆಂಟ್ ಆರ್ಡರ್, ಆಸ್ಪತ್ರೆ ಚೀಟಿ, ಜೊತೆಗಿದ್ದವರು ಸರ್ವಿಸ್ ನಂಬರ್ ಸಮೇತ ಬರೆದುಕೊಟ್ಟ ಹೇಳಿಕೆ, ಯಾವುದಿದ್ದರೂ ಇಡಿ. ಇವೇ ಮೆಡಲ್ ಕೊಡಿಸೋದಿಲ್ಲ. ಆದರೆ ಯಾವ ಕಡತದಲ್ಲಿ ಹುಡುಕಬೇಕು ಅಂತ ದಾರಿ ತೋರಿಸುತ್ತವೆ.

ತಡ ಮಾಡಬಾರದು ಅನ್ನೋದಕ್ಕೆ ಕಾರಣ ಇದೆ. ಪೆನ್ಷನ್ ಇಲ್ಲದೆ ಮಧ್ಯದಲ್ಲೇ ಬಿಟ್ಟು ಬಂದವರ ದಾಖಲೆಗಳನ್ನ 25 ವರ್ಷ ಮಾತ್ರ ಇಡಬೇಕು ಅಂತ ಸೇನೆಯ ನಿಯಮ. ಆಮೇಲೆ ನಾಶ ಮಾಡ್ತಾರೆ. ಉಳಿಯೋದು 'ಲಾಂಗ್ ರೋಲ್' ಅನ್ನೋ ರಿಜಿಸ್ಟರ್‌ನ ಸಾಲು ಮಾತ್ರ. ಅಂಥವರಿಗೆ ಮನೆಯಲ್ಲಿರೋ ಡಿಸ್ಚಾರ್ಜ್ ಬುಕ್ಕೇ ದೊಡ್ಡ ಆಸ್ತಿ. ಸೈನಿಕ ತೀರಿಕೊಂಡಿದ್ದರೆ ಹೆಂಡತಿ ಅರ್ಜಿ ಹಾಕಬಹುದು. ದಾಖಲೆಯಲ್ಲಿ ವಾರಸುದಾರರಾಗಿ ಅವರ ಹೆಸರು ಇರಬೇಕು, ಮರಣ ಪ್ರಮಾಣಪತ್ರ ಜೊತೆಗಿರಬೇಕು.

ಉತ್ತರವೇ ಬರದಿದ್ದರೆ ಆರ್‌ಟಿಐ ಹಾಕಿ. ಕೇಂದ್ರ ಸರ್ಕಾರದ ಆರ್‌ಟಿಐ ಆನ್‌ಲೈನ್ ಪೋರ್ಟಲ್‌ನಲ್ಲಿ ಮೊಬೈಲ್‌ನಿಂದಲೇ ಆಗುತ್ತೆ, ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡಬೇಕು. ಆದರೆ 'ಮೆಡಲ್ ಯಾಕೆ ಕೊಟ್ಟಿಲ್ಲ' ಅಂತ ಕೇಳಬೇಡಿ. 'ನನ್ನ ಶೀಟ್ ರೋಲ್ ಪ್ರತಿ ಕೊಡಿ, ಮೆಡಲ್ ಕುರಿತ ಪಾರ್ಟ್ ಟು ಆರ್ಡರ್ ಪ್ರತಿ ಕೊಡಿ' ಅಂತ ಕೇಳಿ. ಆರ್‌ಟಿಐ ಕಾಗದ ಕೊಡುತ್ತೆ, ತಿದ್ದುಪಡಿ ಮಾಡಲ್ಲ. ಅರ್ಜಿ ಸೈನಿಕರ ಹೆಸರಲ್ಲೇ ಇರಲಿ, ಬೇರೆಯವರ ವೈಯಕ್ತಿಕ ಮಾಹಿತಿ ಅಂತ ತಿರಸ್ಕಾರ ಆಗಬಾರದು.

ಅದಕ್ಕೂ ಆಗದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ, 2007ರ ಕಾಯ್ದೆಯಿಂದ ಬಂದದ್ದು. ಅರ್ಜಿ ಕೊಟ್ಟು ಆರು ತಿಂಗಳಾದರೂ ಉತ್ತರ ಇಲ್ಲದಿದ್ದರೆ ಅಥವಾ ಆಗಲ್ಲ ಅಂತ ಆದೇಶ ಬಂದಿದ್ದರೆ ಅಲ್ಲಿಗೆ ಹೋಗಬಹುದು. ಆದೇಶ ಬಂದ ಆರು ತಿಂಗಳೊಳಗೆ ಹೋಗಬೇಕು. ಬರೀ ಸೇವಾ ಪದಕಕ್ಕೆ ಅಲ್ಲಿ ತನಕ ಓಡಾಡಬೇಕಾ ಅನ್ನೋದು ಅವರವರ ಆರೋಗ್ಯ, ರೊಕ್ಕ ನೋಡಿ ತೀರ್ಮಾನಿಸಬೇಕಾದ ಮಾತು. ಹೋದರೆ ವಕೀಲರ ಫೀಸು ಮೊದಲೇ ಮಾತಾಡಿಕೊಳ್ಳಿ.

ಅಜ್ಜಾರ ಎರಡನೇ ಪತ್ರ, ಇನ್‌ಲ್ಯಾಂಡ್ ಲೆಟರ್‌ನ ಝೆರಾಕ್ಸ್ ಸಮೇತ, ಸ್ಪೀಡ್ ಪೋಸ್ಟ್‌ನಲ್ಲಿ ಹೋಗಿದೆ. ರಸೀದಿಯನ್ನ ಮೊಮ್ಮಗ ತನ್ನ ಕಂಪಾಸ್ ಬಾಕ್ಸ್‌ನಲ್ಲಿ ಇಟ್ಟುಕೊಂಡು, ವಾರಕ್ಕೆರಡು ಸಲ ಮೊಬೈಲ್‌ನಲ್ಲಿ ನಂಬರ್ ಹಾಕಿ ನೋಡ್ತಾನೆ. ಕಾಗದ ಮುಟ್ಟಿದೆ ಅಂತ ತೋರಿಸ್ತಿದೆ. ಉತ್ತರ ಬಂದ ದಿನ ಇಲ್ಲೇ ಬರೀತೀನಿ.